ವೆರ್ನಾ ಕಂಗಸ್ ಕಾರಿಗೆ ಹೊದಿಕೆ ಹೊದಿಸಿದ್ದು

ನಮ್ಮೂರಲ್ಲಿ ಚಳಿಗಾಲವನ್ನು ಬೈಯುವುದಕ್ಕೂ ಒಂದು ಕ್ರಮವಿದೆ. ನವೆಂಬರಿನಲ್ಲಿ ಬೈದರೆ ಹೊಸಬ ಎಂದು ನಗುತ್ತಾರೆ. ಜನವರಿಯಲ್ಲಿ ಬೈದರೆ ಕೇಳಿಸದವರಂತೆ ಇರುತ್ತಾರೆ. ಏಪ್ರಿಲಿನಲ್ಲಿ ಬೈದರೆ ಮಾತ್ರ ಪಕ್ಕದಲ್ಲಿ ಕೂತು ತಾವೂ ಸೇರಿಕೊಳ್ಳುತ್ತಾರೆ. ವೆರ್ನಾ ಕಂಗಸ್ ತನ್ನ ಐವತ್ತೊಂಬತ್ತು ವರ್ಷದಲ್ಲಿ ಯಾವ ತಿಂಗಳಲ್ಲೂ ಬೈದವಳಲ್ಲ. ಅವಳು ಸಹನೆಯ ಮೂರ್ತಿ ಎಂದು ಇಗರ್ಜಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಸಹನೆಯೂ ಇಲ್ಲ, ಮೂರ್ತಿಯೂ ಇಲ್ಲ. ಅವಳಿಗೆ ಬೈಯಲು ಪುರುಸೊತ್ತು ಇರಲಿಲ್ಲ, ಅಷ್ಟೇ.

ಊರಿಂದ ಹದಿನೆಂಟು ಮೈಲಿ ದೂರದ ವೃದ್ಧಾಶ್ರಮವೊಂದರಲ್ಲಿ ಅವಳು ಬೆಳಗಿನ ಅಡುಗೆಯವಳು. ನಲವತ್ತೆರಡು ಜನ ಮುದುಕರಿಗೆ ಗಂಜಿ, ಮೊಟ್ಟೆ, ಕಾಫಿ. ಕೆಲವರಿಗೆ ಸಕ್ಕರೆ ಕೂಡದು, ಕೆಲವರಿಗೆ ಉಪ್ಪು ಕೂಡದು, ಒಬ್ಬಾಕೆಗೆ ಮಾತ್ರ ಎಲ್ಲವೂ ಬೇಕು. ಆರು ಗಂಟೆಗೆ ಒಲೆ ಹೊತ್ತಬೇಕು. ಹತ್ತೊಂಬತ್ತು ವರ್ಷದಿಂದ ಹೊತ್ತುತ್ತಿತ್ತು. ಊರ ಪಕ್ಕದ ದೊಡ್ಡ ಸರೋವರದ ಮೇಲಿಂದ ಎಷ್ಟೇ ಹಿಮ ಬಂದು ಸುರಿದರೂ, ರಸ್ತೆ ಎಲ್ಲಿದೆ ಎಂದು ಕಂಬಗಳನ್ನು ನೋಡಿಯೇ ತಿಳಿಯಬೇಕಾದ ದಿನಗಳಲ್ಲೂ, ವೆರ್ನಾ ತಡ ಮಾಡಿದವಳಲ್ಲ.

ಅದಕ್ಕೆ ಕಾರಣ ಅವಳ ಗಂಡ ಟೌನೋ. ಮೂವತ್ತನಾಲ್ಕು ವರ್ಷ ಅವನು ಜಿಲ್ಲೆಯ ಹಿಮ ತಳ್ಳುವ ಲಾರಿ ಓಡಿಸಿದವನು. ಊರು ಏಳುವ ಮೊದಲೇ ಎದ್ದು, ಊರಿಗೆ ದಾರಿ ಮಾಡಿಕೊಟ್ಟು, ಊರು ಹೊರಟ ಮೇಲೆ ಮನೆಗೆ ಬಂದು ಮಲಗುವವನು. ಶಾಲೆಯ ಬಸ್ಸು, ಹಾಲಿನ ಗಾಡಿ, ಹೆರಿಗೆಗೆ ಹೊರಟ ಹೆಂಗಸು, ಎಲ್ಲರೂ ಅವನು ತಳ್ಳಿದ ದಾರಿಯಲ್ಲೇ ಹೋಗಬೇಕಿತ್ತು. ಆ ಹಮ್ಮು ಅವನಲ್ಲಿ ಇತ್ತು, ಇರಲಿ ಬಿಡಿ, ಅಷ್ಟು ಕೆಲಸ ಮಾಡಿದವನಿಗೆ ಸ್ವಲ್ಪ ಹಮ್ಮು ಇದ್ದರೇನು. ಇಡೀ ಊರಿನ ಹಿಮ ತೆಗೆದವನ ಗ್ಯಾರೇಜಿನ ಚಾವಣಿ ಮಾತ್ರ ಎರಡು ವರ್ಷದ ಹಿಂದೆ ಹಿಮದ ಭಾರಕ್ಕೇ ಕುಸಿದುಬಿತ್ತು. ಆವತ್ತಿನಿಂದ ವೆರ್ನಾಳ ನೀಲಿ ಕಾರು ಅಂಗಳದಲ್ಲೇ ನಿಲ್ಲುತ್ತಿತ್ತು.

ಹೋದ ಏಪ್ರಿಲಿನಲ್ಲಿ ಟೌನೋಗೆ ಹೃದಯಾಘಾತವಾಯಿತು. ಬೆಳಗ್ಗೆ ಆರೂವರೆ. ವೆರ್ನಾ ಗಂಜಿ ಕಲಕುತ್ತಿದ್ದ ಹೊತ್ತು. ಆಗಲೇ ಲಾರಿ ಕೆಲಸದಿಂದ ನಿವೃತ್ತನಾಗಿದ್ದ ಅವನು ಮನೆಯಲ್ಲಿ ಒಬ್ಬನೇ. ಅಡುಗೆಮನೆಯ ನೆಲದ ಮೇಲೆ ಮುಕ್ಕಾಲು ಗಂಟೆ ಬಿದ್ದಿದ್ದು, ತೆವಳಿಕೊಂಡು ಫೋನಿನ ತನಕ ಬಂದು, ತಾನೇ ಆಂಬುಲೆನ್ಸ್ ಕರೆಸಿಕೊಂಡ. ಎದೆ ಸೀಳಿ ಆಪರೇಷನ್ ಮಾಡಿದರು. ಬದುಕಿ ಬಂದ. ಆ ಮುಕ್ಕಾಲು ಗಂಟೆಯ ಬಗ್ಗೆ ಅವನು ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ನಮ್ಮ ಕಡೆಯವರಿಗೆ ಇಂಥದ್ದನ್ನು ಮಾತಾಡಿ ಅಭ್ಯಾಸವಿಲ್ಲ. ಒಟ್ಟಿಗೆ ಸೌನಾದ ಬಿಸಿ ಹಬೆಯಲ್ಲಿ ಬೆವರುತ್ತಾರೆ, ಒಟ್ಟಿಗೆ ಹಿಮ ತೆಗೆಯುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ.

ಚಳಿಯಲ್ಲಿ ಶ್ರಮದ ಕೆಲಸ ಬೇಡ, ಸಲಿಕೆ ಮುಟ್ಟಲೇಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅಂಗಳದ ಹಿಮವನ್ನು ಪಕ್ಕದ ಮನೆಯ ಕರ್ಟ್ ತನ್ನ ಗಾಡಿಯಿಂದ ತಳ್ಳಿಕೊಡತೊಡಗಿದ. ಅವನು ಟೌನೋನ ಕೈಕೆಳಗೇ ಲಾರಿ ಕಲಿತವನು. ಅವನು ತಳ್ಳುವಾಗ ಟೌನೋ ಕಿಟಕಿಯ ಪರದೆ ಎಳೆದುಕೊಂಡು ಕೂರುತ್ತಿದ್ದ.

ಆದರೆ ಕಾರಿನ ಗಾಜು ಕೆರೆಯುವುದನ್ನು ಮಾತ್ರ ಅವನು ಬಿಡಲಿಲ್ಲ. ಬೆಳಗ್ಗೆ ಐದಕ್ಕೆ ವೆರ್ನಾ ಎದ್ದು ಮುಖ ತೊಳೆಯುವಷ್ಟರಲ್ಲಿ ಹೊರಗೆ ಕರ್ ಕರ್ ಶಬ್ದ. ಇಂಜಿನ್ ಹೊತ್ತಿಸಿಟ್ಟು, ಪ್ಲಾಸ್ಟಿಕ್ ಅಲಗು ಹಿಡಿದು ಅವನು ಗಾಜಿನ ಮೇಲೆ ಬಗ್ಗಿರುತ್ತಿದ್ದ. ಮುಂದಿನ ಗಾಜು, ಹಿಂದಿನದು, ನಾಲ್ಕು ಬಾಗಿಲಿನದು, ದೀಪಗಳು, ಕೊನೆಗೆ ಚಾವಣಿ. ಗಾಜಿನಲ್ಲಿ ಅಂಗೈಯಗಲ ಜಾಗ ಮಾಡಿಕೊಂಡು ಅದರಲ್ಲೇ ಇಣುಕಿ ಕಾರು ಓಡಿಸುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. ಅಂಥವರನ್ನು ಎಷ್ಟು ಜನರನ್ನು ಹಳ್ಳದಿಂದ ಎಳೆದಿದ್ದನೋ.

"ಡಾಕ್ಟ್ರು ಏನು ಹೇಳಿದ್ರು ನಿಂಗೆ?" ಎಂದು ವೆರ್ನಾ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು.

"ಸಲಿಕೆ ಮುಟ್ಬೇಡ ಅಂದ್ರು. ಇದು ಸಲಿಕೆ ಏನೇ?"

"ಅತಿ ಬುದ್ಧಿವಂತ ಆಗ್ಬೇಡ. ಒಳಗೆ ಬಾ, ನಾನು ಕೆರ್ಕೋತೀನಿ."

"ನೀನು ಕೆರೆಯೋದು ಗೊತ್ತು. ಬೆಕ್ಕು ಗೀಚಿದ ಹಾಗೆ. ಹೋಗು, ಕಾಫಿ ಕುಡಿ."

ಅವಳು ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದಳು. ಕಿಟಕಿಯಿಂದ ಅವನ ಬೆನ್ನು ನೋಡುತ್ತಾ, ಆ ಬೆನ್ನು ಈಗ ಬಾಗುತ್ತದೆ, ಈಗ ಬೀಳುತ್ತದೆ ಎಂದು ಎಣಿಸುತ್ತಾ. ಕಾಫಿಯ ರುಚಿ ಅವಳಿಗೆ ಎಷ್ಟೋ ದಿನದಿಂದ ಗೊತ್ತಾಗಿರಲಿಲ್ಲ.

ಜನವರಿಯಲ್ಲಿ ಅವಳು ಮೊದಲ ಸಲ ತಡವಾದಳು, ಆರು ನಿಮಿಷ. ಹನ್ನೊಂದು ದಿನ ಬಿಟ್ಟು ಇನ್ನೊಮ್ಮೆ, ಒಂಬತ್ತು ನಿಮಿಷ. ಟೌನೋ ಕೆರೆಯುತ್ತಲೇ ಇದ್ದ, ಮುಗಿಯುತ್ತಲೇ ಇರಲಿಲ್ಲ. ಈ ವರ್ಷ ಗಾಜಿನ ಮೇಲಿನ ಮಂಜುಗಡ್ಡೆ ತುಂಬಾ ದಪ್ಪ ಎಂದು ಅವನು, ನಿನ್ನ ಕೈಯಲ್ಲಿ ಬಲ ಇಲ್ಲ ಎಂದು ಅವಳು. ಅಡುಗೆಮನೆಯ ಮೇಲ್ವಿಚಾರಕಿ ಡಾರ್ಲಾ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಕೆಟ್ಟವಳಲ್ಲ, ಕಾಗದದಲ್ಲಿ ಬರೆದದ್ದನ್ನು ಓದಿ ಹೇಳುವವಳು.

"ವೆರ್ನಾ, ನಂಗೆ ಇದನ್ನ ಹೇಳೋಕೆ ಇಷ್ಟ ಇಲ್ಲ ಕಣಮ್ಮ. ಇನ್ನೊಂದು ಸಲ ಆದ್ರೆ ಅರ್ಧ ದಿನದ ಕೆಲಸದವರ ಪಟ್ಟಿಗೆ ಹಾಕ್ತಾರೆ. ಮೇಲಿನವರ ನಿಯಮ."

ಅರ್ಧ ದಿನದ ಕೆಲಸದವರಿಗೆ ಆಸ್ಪತ್ರೆಯ ವಿಮೆ ಇಲ್ಲ. ಟೌನೋನ ವಿಮೆ ಇದ್ದದ್ದು ವೆರ್ನಾಳ ಕೆಲಸದಲ್ಲಿ. ಅವನ ಏಳು ಬಗೆಯ ಮಾತ್ರೆ, ತಿಂಗಳಿಗೊಮ್ಮೆಯ ತಪಾಸಣೆ, ಎದೆಯೊಳಗೆ ಕೂರಿಸಿದ ಸಣ್ಣ ಯಂತ್ರ, ಎಲ್ಲವೂ ಆರು ಗಂಟೆಗೆ ಒಲೆ ಹೊತ್ತುವುದರ ಮೇಲೆ ನಿಂತಿದ್ದವು. ಈ ದೇಶದಲ್ಲಿ ಇದು ಹೀಗೇ. ಮೂರನೆಯ ಸಲ ತಡವಾಗುವಂತಿರಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಗ್ಲೆನಿಸ್ ಬಾಯಿಬಡುಕಿ, ಒಳ್ಳೆಯವಳು. ಅವಳೇ ಉಪಾಯ ಹೇಳಿದಳು.

"ಗಾಜಿಗೊಂದು ಕವರ್ ತಗೊಳ್ಳೇ. ಸಂಜೆ ಹೊದಿಸೋದು, ಬೆಳಗ್ಗೆ ಎಳೆಯೋದು. ನಂದು ಐದು ಚಳಿಗಾಲ ಬಂತು. ಗಾಜು ಕೆರೆಯೋದು ಅಂದ್ರೇನು ಅನ್ನೋದೇ ಮರ್ತುಹೋಗಿದೆ ನಂಗೆ."

"ಗಾಳಿಗೆ ಹಾರಿ ಹೋಗಲ್ವಾ?"

"ಕಿವಿ ಇರುತ್ತೆ ಎರಡೂ ಕಡೆ. ಬಾಗಿಲ ಒಳಗೆ ಹಾಕಿ ಮುಚ್ಚಿಬಿಟ್ರೆ ಬೇಕಾದ್ರೆ ಕಾರೇ ಹಾರಿಹೋಗ್ಲಿ, ಅದು ಹಾರಲ್ಲ."

ವೆರ್ನಾ ಒಂದು ಕೊಂಡು ತಂದಳು. ಹೊರಗೆ ಬೆಳ್ಳಿಯಂತೆ ಹೊಳೆಯುವ, ಒಳಗೆ ಮೆತ್ತಗಿನ ದಪ್ಪ ಬಟ್ಟೆ. ಟೌನೋ ಅದನ್ನು ಮೇಜಿನ ಮೇಲೆ ಬಿಡಿಸಿ, ಎರಡು ಬೆರಳಲ್ಲಿ ಎತ್ತಿ ನೋಡಿದ.

"ಏನೇ ಇದು, ಕಾರಿಗೆ ಅಂಗಿ ಹೊಲ್ಸಿದ್ದೀಯಾ?"

"ಹೂಂ. ನಿಂಗೆ ಬೇಕಾದ್ರೆ ನಿಂಗೂ ಒಂದು ಹೊಲಿಸ್ತೀನಿ."

"ದಕ್ಷಿಣದಿಂದ ಬರ್ತಾರಲ್ಲ ಹಿಮ ಕಾಣದ ಪ್ರವಾಸಿಗರು, ಅವರು ಇಟ್ಕೊಳ್ಳೋ ಸಾಮಾನು ಇದು. ಮೂವತ್ನಾಲ್ಕು ವರ್ಷ ಲಾರಿ ಹೊಡೆದವನ ಅಂಗಳದಲ್ಲಿ ಕಾರು ಕಂಬಳಿ ಹೊದ್ದು ನಿಂತ್ರೆ ಕರ್ಟ್ ಏನಂತಾನೆ?"

"ಕರ್ಟ್ ಏನಾದ್ರೂ ಅನ್ಲಿ. ನಿನ್ನ ಕೈ ಆ ಅಲಗು ಮುಟ್ಟಬಾರ್ದು, ನಂಗೆ ಅಷ್ಟೇ ಬೇಕಾಗಿರೋದು."

ನಗೆಯಾಡುತ್ತಿದ್ದವನ ಮುಖ ಸಪ್ಪಗಾಯಿತು. ಹಮ್ಮಿಗೆ ಪೆಟ್ಟು ಬಿತ್ತು ಎಂದುಕೊಂಡಳು ವೆರ್ನಾ. ಬೀಳಲಿ, ಹಮ್ಮು ಹೋದರೆ ಯಾರೂ ಸಾಯುವುದಿಲ್ಲ ಎಂದೂ ಅಂದುಕೊಂಡಳು.

ಮಾರನೆಯ ದಿನ ಕೆಲಸದಿಂದ ಬರುವ ಹೊತ್ತಿಗೆ ದಪ್ಪ ದಪ್ಪ ಹಿಮ ಬೀಳುತ್ತಿತ್ತು. ಔಷಧಿ ಅಂಗಡಿ, ದಿನಸಿ ಎಲ್ಲ ಮುಗಿಸಿ ಅಂಗಳ ತಲುಪಿದಾಗ ನಾಲ್ಕು ಗಂಟೆ. ಹದಿನೆಂಟು ಮೈಲಿಯೂ ಬಿಸಿಗಾಳಿಯನ್ನು ಗಾಜಿನ ಮೇಲೇ ತಿರುಗಿಸಿಟ್ಟಿದ್ದಳು. ಇಳಿದವಳೇ ಹೊದಿಕೆ ಎಳೆದು ಗಾಜಿನ ಮೇಲೆ ಹಾಕಿ, ಕಿವಿಗಳನ್ನು ಬಾಗಿಲ ಒಳಗೆ ಸಿಕ್ಕಿಸಿ ಮುಚ್ಚಿದಳು. ಗಾಜು ತಣ್ಣಗಾದ ಮೇಲೆ ಹೊದಿಸಿ ಎಂದು ಡಬ್ಬಿಯ ಮೇಲೆ ಬರೆದಿದ್ದನ್ನು ಓದಿದ್ದಳು ಕೂಡ. ಆದರೆ ಒಮ್ಮೆ ಒಳಗೆ ಹೋಗಿ ಬೂಟು ಬಿಚ್ಚಿದರೆ ಮತ್ತೆ ಹಾಕಿಕೊಂಡು ಹೊರಗೆ ಬರುವ ಶಕ್ತಿ ಅವಳಲ್ಲಿ ಉಳಿದಿರುತ್ತಿರಲಿಲ್ಲ. ಬೂಟು ಬಿಚ್ಚುವುದು ಎಂದರೆ ಅವಳ ಪಾಲಿಗೆ ದಿನ ಮುಗಿದಂತೆ. ನಮ್ಮ ಕಡೆಯ ಹೆಂಗಸರನ್ನು ಕೇಳಿ, ಯಾರಾದರೂ ಇದನ್ನೇ ಹೇಳುತ್ತಾರೆ.

ಬಿಸಿ ಗಾಜಿನ ಮೇಲಿದ್ದ ಹಿಮ ಹೊದಿಕೆಯ ಅಡಿಯಲ್ಲಿ ಕರಗಿ ನೀರಾಯಿತು. ಬೆಳಗಾಗುವುದರೊಳಗೆ ಉಷ್ಣತೆ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿಳಿಯಿತು. ನೀರು ಗಡ್ಡೆ ಕಟ್ಟಿ ಹೊದಿಕೆಯನ್ನು ಗಾಜಿಗೆ ಅಂಟಿಸಿಬಿಟ್ಟಿತು.

ಬೆಳಗ್ಗೆ ಕರ್ ಕರ್ ಶಬ್ದ ಕೇಳದೆ ವೆರ್ನಾ ನೆಮ್ಮದಿಯಿಂದ ತಲೆ ಬಾಚಿಕೊಂಡಳು. ಎಷ್ಟೋ ತಿಂಗಳ ಮೇಲೆ ಕೂತು ತಲೆ ಬಾಚಿಕೊಂಡಿದ್ದಳು. ಐದೂಕಾಲಿಗೆ ಬಾಗಿಲು ತೆರೆದಾಗ ಟೌನೋ ಕಂಡ. ಇಂಜಿನ್ ಗುರುಗುಟ್ಟುತ್ತಿತ್ತು. ಅವನು ಕಾರಿನ ಮೂತಿಗೆ ಒರಗಿ, ಎರಡೂ ಕೈಯಲ್ಲಿ ಹೊದಿಕೆಯ ಅಂಚು ಹಿಡಿದು, ಎಳೆಯಲಾಗದೆ, ಬಿಡಲೂ ಆಗದೆ ನಿಂತಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಟೌನೋ!"

"ಕೆರೀಲಿಲ್ಲ ಕಣೇ," ಎಂದ ಅವನು, ಒಂದೊಂದೇ ಮಾತಿಗೂ ಉಸಿರು ಎಳೆದುಕೊಳ್ಳುತ್ತಾ. "ಕೆರೀಬೇಡ ಅಂದೆ ನೀನು. ಕೆರೀಲಿಲ್ಲ. ಎಳ್ದೆ ಅಷ್ಟೇ."

ಅವಳು ಅವನನ್ನು ತೋಳಲ್ಲಿ ಹಿಡಿದು ಒಳಗೆ ತಂದು ಕುರ್ಚಿಯಲ್ಲಿ ಕೂರಿಸಿ, ನಾಲಗೆಯ ಅಡಿಗೆ ಮಾತ್ರೆ ಇಟ್ಟಳು. ಆಂಬುಲೆನ್ಸ್ ಕರೆಯಲು ಫೋನ್ ಎತ್ತಿದಳು. ಅವನು ಬೇಡವೆಂದು ಕೈ ಆಡಿಸಿದ. ಐದು ನಿಮಿಷಕ್ಕೆ ತುಟಿಗೆ ಬಣ್ಣ ಬಂತು. ಹತ್ತು ನಿಮಿಷಕ್ಕೆ ನೋವು ಇಳಿಯಿತು ಎಂದ. ಅವಳು ಅವನ ಮುಂದೆ ನೆಲದ ಮೇಲೆ ಮಂಡಿಯೂರಿ ಅವನ ಮಣಿಕಟ್ಟು ಹಿಡಿದಿದ್ದಳು. ಗಡಿಯಾರ ಐದೂವರೆ ತೋರಿಸುತ್ತಿತ್ತು.

"ಹೋಗು," ಎಂದ ಟೌನೋ.

"ನಿನ್ನ ಬಿಟ್ಟು ಹೇಗೋ ಹೋಗ್ಲಿ?"

"ಹೋಗ್ದೆ ಇದ್ರೆ ನಾಳೆ ಈ ಮಾತ್ರೆ ಎಲ್ಲಿಂದ ತರ್ತೀಯ? ಹೋಗೇ. ನಂಗೇನಾಗಿಲ್ಲ."

ಅವಳು ಹೋದಳು. ಕರ್ಟ್‌ನ ಮನೆಯ ಬಾಗಿಲು ಬಡಿದು, ಅರ್ಧ ತಾಸಿಗೊಮ್ಮೆ ಟೌನೋನನ್ನು ನೋಡಿ ಬಾ ಎಂದು ಹೇಳಿ, ಕಾರಿನ ಹತ್ತಿರ ಬಂದಳು. ಅಷ್ಟು ಹೊತ್ತು ಇಂಜಿನ್ ಓಡಿ ಗಾಜು ಒಳಗಿಂದ ಬೆಚ್ಚಗಾಗಿತ್ತು. ಮುಟ್ಟಿದ್ದೇ ತಡ, ಹೊದಿಕೆ ಜಾರಿ ಅವಳ ಕೈಗೆ ಬಂತು. ಹದಿನೈದು ನಿಮಿಷ ಒಬ್ಬ ಮನುಷ್ಯ ಜೀವ ಒತ್ತೆಯಿಟ್ಟು ಎಳೆದದ್ದು ಸುಮ್ಮನೆ ಬಿಟ್ಟಿದ್ದರೆ ತಾನಾಗಿಯೇ ಬರುತ್ತಿತ್ತು. ವೆರ್ನಾಗೆ ಅಳು ಬರಲಿಲ್ಲ. ಅದನ್ನು ಹಿಂದಿನ ಸೀಟಿಗೆ ಎಸೆದು ಕಾರು ಹತ್ತಿದಳು.

ಆರಕ್ಕೆ ಒಂದು ನಿಮಿಷ ಇರುವಾಗ ಅವಳು ಅಡುಗೆಮನೆಯ ಬಾಗಿಲು ತಳ್ಳಿದಳು. ಡಾರ್ಲಾ ಗಡಿಯಾರ ನೋಡಿ, ಅವಳ ಮುಖ ನೋಡಿ, ಒಲೆಯ ಹತ್ತಿರದಿಂದ ಸರಿದು ನಿಂತಳು. ಆವತ್ತು ಗಂಜಿಗೆ ಉಪ್ಪು ಎರಡು ಸಲ ಬಿತ್ತು. ಎಲ್ಲವೂ ಬೇಕೆನ್ನುವ ಆ ಒಬ್ಬಾಕೆ ಮಾತ್ರ ಬಹಳ ಚೆನ್ನಾಗಿದೆ ಎಂದು ಇನ್ನೊಂದು ಬಟ್ಟಲು ಹಾಕಿಸಿಕೊಂಡಳು.

ನಡೆದದ್ದನ್ನು ಕೇಳಿ ಗ್ಲೆನಿಸ್ ಹಣೆ ಚಚ್ಚಿಕೊಂಡಳು.

"ಬಿಸಿ ಗಾಜಿನ ಮೇಲೆ ಹೊದಿಸಿದ್ಯಾ? ಅಯ್ಯೋ ನಿನ್ನ! ಅರ್ಧ ಗಂಟೆ ತಣ್ಣಗಾಗೋಕೆ ಬಿಡ್ಬೇಕು, ಹಿಮ ಗುಡಿಸ್ಬೇಕು, ಒಣ ಬಟ್ಟೇಲಿ ಒರೆಸ್ಬೇಕು, ಆಮೇಲೆ ಹೊದಿಸ್ಬೇಕು."

"ಬೂಟು ಬಿಚ್ಚಿಬಿಡ್ತೀನಲ್ಲ ಗ್ಲೆನಿಸ್."

"ಬಿಚ್ಚಬೇಡ. ನಾನು ಬಿಚ್ಚಲ್ಲ. ಬೂಟು ಹಾಕ್ಕೊಂಡೇ ಆಲೂಗಡ್ಡೆ ಸುಲೀತೀನಿ. ನಮ್ಮೆಜಮಾನ್ರು ನೆಲ ಒದ್ದೆ ಅಂತ ಬೈತಾರೆ, ಬೈಕೊಳ್ಳಲಿ."

ಈ ಹೊದಿಕೆ ಕೊಟ್ಟ ಕಾಸಿಗೆ ತಕ್ಕದ್ದೇ ಎಂದು ನಮ್ಮೂರಲ್ಲಿ ಕೇಳಿದರೆ ಅರ್ಧ ಜನ ಹೌದು ಎನ್ನುತ್ತಾರೆ, ಅರ್ಧ ಜನ ಬೈಯುತ್ತಾರೆ. ಬೈಯುವವರೆಲ್ಲ ಬೂಟು ಬಿಚ್ಚಿದವರು ಎಂದು ನನ್ನ ಗುಮಾನಿ.

ಆ ಸಂಜೆ ವೆರ್ನಾ ಮನೆಗೆ ಬಂದು, ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಟೌನೋನನ್ನು ಮುಟ್ಟಿ ನೋಡಿ, ಮತ್ತೆ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಒಳಗೆ ಬೆಚ್ಚಗೆ ಕೂತರೆ ನಿದ್ದೆ ಬಂದುಬಿಡುತ್ತದೆ ಎಂಬ ಭಯ. ಹೊರಗೂ ಬಂತು. ಮೊಣಕಾಲ ಮೇಲೆ ತಲೆಯಿಟ್ಟು, ಬೂಟಿನಲ್ಲೇ, ಹಿಮದಲ್ಲೇ ಅವಳು ತೂಕಡಿಸಿದಳು. ಬೆರಳುಗಳು ಮರಗಟ್ಟಿ ಎಚ್ಚರವಾದಾಗ ಗಾಜು ತಣ್ಣಗೆ ಕೊರೆಯುತ್ತಿತ್ತು. ಹಿಮ ಗುಡಿಸಿ, ಒರೆಸಿ, ಹೊದಿಕೆ ಹಾಸಿ, ಕಿವಿಗಳನ್ನು ಸಿಕ್ಕಿಸಿದಳು. ಕಿಟಕಿಯಲ್ಲಿ ಟೌನೋ ಇದನ್ನೆಲ್ಲ ನೋಡುತ್ತಿದ್ದ. ಈ ಸಲ ಪರದೆ ಎಳೆಯಲಿಲ್ಲ.

ಬೆಳಗ್ಗೆ ಅವಳು ಅವನಿಗಿಂತ ಮೊದಲೇ ಎದ್ದು ಹೊರಗೆ ಹೋದಳು. ಬಾಗಿಲು ತೆರೆದು, ಕಿವಿ ಬಿಡಿಸಿ, ಅಂಚು ಹಿಡಿದು ಎಳೆದಳು. ರಾತ್ರಿಯ ಹಿಮವೆಲ್ಲ ಹೊದಿಕೆಯ ಜೊತೆಗೇ ಜಾರಿ ನೆಲಕ್ಕೆ ಬಿತ್ತು. ಕೆಳಗೆ ಗಾಜು ಆಗತಾನೇ ತೊಳೆದಿಟ್ಟಂತೆ ಸ್ವಚ್ಛ. ಒಂದು ನಿಮಿಷವೂ ಹಿಡಿಯಲಿಲ್ಲ. ಪಕ್ಕದ, ಹಿಂದಿನ ಗಾಜು ಕೆರೆಯಲು ಎರಡು ನಿಮಿಷ. ಒಳಗೆ ಬಂದು ನೋಡಿದರೆ ಐದು ಹತ್ತು. ಹೊರಡಬೇಕಾದದ್ದು ಐದು ಇಪ್ಪತ್ತೈದಕ್ಕೆ.

ಟೌನೋ ಕೋಟು ಹಾಕಿಕೊಂಡು, ಕೈಯಲ್ಲಿ ಅಲಗು ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದ.

"ಆಗೋಯ್ತು. ಕೂತ್ಕೋ," ಎಂದಳು ವೆರ್ನಾ.

"ಹಿಂದಿನ ಗಾಜು?"

"ಅದೂ ಆಯ್ತು."

ಅವನು ಕೋಟು ಬಿಚ್ಚದೆ ಕೂತ. ಅವಳು ಎರಡು ಲೋಟ ಕಾಫಿ ಸುರಿದು, ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡನ್ನು ಕೊಯ್ದು ನಡುವೆ ಇಟ್ಟು, ಎದುರಿಗೆ ಕೂತಳು. ಮೂವತ್ತಾರು ವರ್ಷದ ಸಂಸಾರದಲ್ಲಿ ಚಳಿಗಾಲದ ಕೆಲಸದ ದಿನ ಬೆಳಗ್ಗೆ ಹೀಗೆ ಎದುರುಬದುರು ಕೂತದ್ದು ಅದೇ ಮೊದಲು. ಅವನು ಲಾರಿ ಓಡಿಸುವಾಗ ಆ ಹೊತ್ತಿಗೆ ಮನೆಯಲ್ಲಿ ಇರುತ್ತಿರಲಿಲ್ಲ. ಆಮೇಲೆ ಮನೆಯಲ್ಲಿದ್ದರೂ ಗಾಜಿನ ಹತ್ತಿರ ಇರುತ್ತಿದ್ದ.

"ನೋಡು, ಮೂರೇ ನಿಮಿಷ," ಎಂದಳು ವೆರ್ನಾ. "ನೀನು ಇಪ್ಪತ್ತೈದು ನಿಮಿಷ ಕೆರೀತಿದ್ದೆ. ಅಷ್ಟು ದಪ್ಪ ಗಡ್ಡೆ ಕಟ್ತಿತ್ತಾ ದಿನಾ?"

ಟೌನೋ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಾ ಇದ್ದ.

"ಅಷ್ಟು ದಪ್ಪ ಇರ್ತಿರ್ಲಿಲ್ಲ," ಎಂದ.

"ಮತ್ತೆ?"

"ನಂಗೆ ಐದು ನಿಮಿಷ ಸಾಕಾಗ್ತಿತ್ತು ಕಣೇ. ಬೇಕಂತ್ಲೇ ನಿಧಾನ ಮಾಡ್ತಿದ್ದೆ."

ವೆರ್ನಾ ಬಾಯಿಗೆ ಇಟ್ಟ ಬ್ರೆಡ್ಡು ಹಾಗೇ ಉಳಿಯಿತು. ಆರು ನಿಮಿಷ, ಒಂಬತ್ತು ನಿಮಿಷ, ಡಾರ್ಲಾಳ ಎಚ್ಚರಿಕೆ, ಎಲ್ಲ ಒಟ್ಟಿಗೆ ತಲೆಗೆ ಏರಿ ಸಿಟ್ಟು ಉಕ್ಕಿತು.

"ಬೇಕಂತ್ಲೇ? ನನ್ನ ಕೆಲಸ ಹೋಗೋದ್ರಲ್ಲಿತ್ತು ಟೌನೋ! ನಿನ್ನ ಬೆನ್ನು ನೋಡ್ತಾ ನೋಡ್ತಾ ನಾನು ದಿನಾ ಸಾಯ್ತಿದ್ದೆ. ಯಾಕೋ ಹಾಗೆ ಮಾಡ್ದೆ?"

"ನೀನು ಹೋದ್ಮೇಲೆ ಆರೂವರೆ ಆಗುತ್ತಲ್ಲ," ಎಂದ ಅವನು. ಅವಳ ಮುಖ ನೋಡಲಿಲ್ಲ. "ಆವತ್ತು ಬಿದ್ದಿದ್ದು ಆರೂವರೆಗೇ. ಅಲ್ಲಿ, ಒಲೆ ಹತ್ರ. ನಿನ್ನ ಕಾರಿನ ದೀಪ ತಿರುವಿನಲ್ಲಿ ಮರೆಯಾಗ್ತಿದ್ದ ಹಾಗೇ ನಂಗೆ ಕೈಕಾಲು ತಣ್ಣಗಾಗುತ್ತೆ. ಕರ್ಟ್ ಗಾಡಿ ಶಬ್ದ ಕೇಳೋ ತನಕ ಈ ಕುರ್ಚಿ ಬಿಟ್ಟು ಏಳೋಕಾಗಲ್ಲ. ನಂಗೆ ಭಯ ಆಗುತ್ತೆ ವೆರ್ನಾ. ನೀನು ಹೋಗೋದು ಹತ್ತು ನಿಮಿಷ ತಡ ಆದ್ರೆ, ಅಷ್ಟು ಹೊತ್ತು ಭಯ ಇರಲ್ಲ. ಅಷ್ಟೇ."

ಊರಿನ ಯಾವ ಬಿರುಗಾಳಿಗೂ ಲಾರಿ ನಿಲ್ಲಿಸದವನು ಅವನು. ಅವನ ಬಾಯಲ್ಲಿ ಆ ಮಾತನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅದು ಹೋದ ಮೇಲೆ ಉಳಿದದ್ದು ಬರೀ ಆಯಾಸ, ಹತ್ತು ತಿಂಗಳ ಆಯಾಸ, ಮತ್ತು ಅವನ ಮೇಲಿನ ಅಕ್ಕರೆ.

"ಹೇಳ್ಬಾರ್ದಿತ್ತೇನೋ?"

"ಹೇಳಿದ್ರೆ ನೀನು ಕೆಲಸ ಬಿಡ್ತಿದ್ದೆ."

ಹೌದು, ಬಿಡುತ್ತಿದ್ದಳು. ಅದೇ ದಿನ ಬಿಡುತ್ತಿದ್ದಳು. ಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಅವಳು ಕುರ್ಚಿಯನ್ನು ಮೇಜಿನ ಈ ಕಡೆಗೆ, ಅವನ ಪಕ್ಕಕ್ಕೆ ಎಳೆದುಕೊಂಡು ಅವನ ಕೈ ಹಿಡಿದಳು. ಕೈ ನಿಜಕ್ಕೂ ತಣ್ಣಗಿತ್ತು. ಎರಡೂ ಅಂಗೈ ನಡುವೆ ಇಟ್ಟುಕೊಂಡು ತಿಕ್ಕಿದಳು.

"ಇನ್ನೂ ಎಂಟು ನಿಮಿಷ ಇದೆ," ಎಂದಳು.

"ಕಾಫಿ ಆರುತ್ತೆ."

"ಆರ್ಲಿ ಬಿಡು."

ಎಂಟು ನಿಮಿಷ ಮುಗಿಯುವ ತನಕ ಅವಳು ಕೈ ಬಿಡಲಿಲ್ಲ. ಆಮೇಲೆ ಎದ್ದು ಕಾರು ಹತ್ತಿ ಕೆಲಸಕ್ಕೆ ಹೋದಳು. ಹೋಗಲೇಬೇಕಿತ್ತು.